ಗಟ್ಟಿಯಾಗಿ ಓದುವವರು

ಅತ್ತೆ ತೀರಿಕೊಂಡು ಆರು ತಿಂಗಳಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಸೊಸೆಯ ಫೋನಿಗೆ ಅತ್ತೆಯ ಹೆಸರು ಹೊತ್ತ ಒಂದು ಸಂದೇಶ ಬಂತು. ಸೊಸೆ ಅನ್ನದ ಪಾತ್ರೆ ತರಲು ಅಡುಗೆಮನೆಗೆ ಹೋಗಿದ್ದಳು. ಫೋನು ನೀರಿನ ಜಗ್ಗಿನ ಪಕ್ಕದಲ್ಲಿತ್ತು. ಉಪ್ಪಿಗೆಂದು ಕೈ ಚಾಚಿದ ಗಂಡ ಉಪ್ಪು ಬಿಟ್ಟು ಫೋನು ಎತ್ತಿಕೊಂಡ.

“ಅಮ್ಮನ ಹೆಸರಲ್ಲಿ ನಿಂಗೇನೋ ಬಂದಿದೆ ನೋಡೇ,” ಎಂದು ಅಲ್ಲಿಂದಲೇ ಕೂಗಿದ.

ಮಾವ ತುತ್ತನ್ನು ಕೈಯಲ್ಲೇ ಹಿಡಿದರು. “ಯಾರ ಹೆಸರಲ್ಲಿ?”

“ಅಮ್ಮಂದು.”

ಅವನೇ ಓದಿದ. ಈ ಖಾತೆಯನ್ನು ಆರು ತಿಂಗಳಿಂದ ಯಾರೂ ತೆರೆದಿಲ್ಲ. ಖಾತೆಯ ಒಡತಿ ತಮ್ಮ ನಂತರ ನೋಡಿಕೊಳ್ಳಲು ನಿಮ್ಮನ್ನು ನೇಮಿಸಿದ್ದಾರೆ. ಅವರ ಫೋಟೋ, ಧ್ವನಿ, ಬರಹಗಳನ್ನು ನೀವು ಒಂದು ತಿಂಗಳೊಳಗೆ ನೋಡಬಹುದು, ಉಳಿಸಿಕೊಳ್ಳಬಹುದು. ಆಮೇಲೆ ಎಲ್ಲವೂ ಶಾಶ್ವತವಾಗಿ ಅಳಿಸಿಹೋಗುತ್ತದೆ.

ಮೊದಲು ಬಾಯಿ ಬಿಟ್ಟವಳು ಸೊಸೆಯ ಮಗಳು. ಹದಿನಾರು ವರ್ಷದ ಅವಳಿಗೆ ಮನೆಯಲ್ಲಿ ರೇಡಿಯೋ ಎಂದೇ ಹೆಸರು. ಒಂದು ಕೋಣೆಯಲ್ಲಿ ಕೇಳಿದ್ದನ್ನು ಇನ್ನೊಂದು ಕೋಣೆಯಲ್ಲಿ ಬಿತ್ತರಿಸದೆ ಅವಳಿಗೆ ಸಮಾಧಾನವಿರಲಿಲ್ಲ.

“ಅಜ್ಜಿ ಅಮ್ಮಂಗೆ ಕೊಟ್ಟಿದ್ದಾರಾ? ಅಜ್ಜಿ ಅಮ್ಮನ ಜೊತೆ ಟೂ ಬಿಟ್ಟಿದ್ರಲ್ಲ!”

ಅದು ಸುಳ್ಳಲ್ಲ. ಅತ್ತೆ ಫ್ರೀಜರಿನಲ್ಲಿ ಜೋಪಾನ ಮಾಡಿಟ್ಟಿದ್ದ ಕುಕ್ಕರಿನ ಹಳೇ ರಬ್ಬರನ್ನು ಸೊಸೆ ಒಂದು ದಿನ ಕಸದ ಬುಟ್ಟಿಗೆ ಎಸೆದಿದ್ದಳು. ಅವತ್ತು ಹತ್ತಿಕೊಂಡ ಜಗಳ ಆರಲೇ ಇಲ್ಲ. ಆಮೇಲಿನ ವರ್ಷವಿಡೀ ಇಬ್ಬರೂ ಒಂದೇ ಒಲೆಯ ಎರಡು ಬದಿಗೆ ನಿಂತು, ಮೂರನೆಯವರ ಬಾಯಲ್ಲಿ ಮಾತಾಡಿಕೊಂಡಿದ್ದರು.

ಸಂಜೆಯ ಹೊತ್ತಿಗೆ ಸುದ್ದಿ ನಾದಿನಿಗೆ ಮುಟ್ಟಿತ್ತು. ಗಂಡನ ತಂಗಿಯಾದ ಅವಳು ಎರಡು ಬೀದಿ ಆಚೆ ಇದ್ದಳು. ಡ್ರೈಕ್ಲೀನಿಂಗ್ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

“ಎಲ್ಲಿ, ತೋರ್ಸಿ ಅತ್ತಿಗೆ.”

ಸೊಸೆ ತೋರಿಸಿದಳು.

“ತೆಗೀರಿ ಮತ್ತೆ. ಏನ್ ನೋಡ್ತಿದ್ದೀರ?”

“ತೆಗೆಯಲ್ಲ. ತೆಗೀಬೇಡ ಅಂತ ಅತ್ತೆ ಹೇಳಿದ್ದಾರೆ.”

“ಯಾವಾಗ ಹೇಳಿದ್ರು?”

“ಮಲಗಿದಲ್ಲೇ ಆದಾಗ. ರಕ್ತ ತೆಗೆಯೋಕೆ ಕೂತಿದ್ದೆ.”

“ನೀರು ಬೇಕಾದ್ರೂ ಈ ರೇಡಿಯೋ ಕೈಲಿ ಹೇಳಿ ಕಳಿಸ್ತಿದ್ದೋರು ನಿಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಗುಟ್ಟು ಹೇಳಿದ್ರಾ?”

“ಹೇಳಿದ್ರು.”

“ಯಾರಿದ್ರು ಆಗ?”

“ಯಾರೂ ಇರ್ಲಿಲ್ಲ.”

“ಅದೇ ಮತ್ತೆ,” ಎಂದು ನಾದಿನಿ ಕುರ್ಚಿ ಎಳೆದು ಕೂತಳು. “ಅಮ್ಮನ ಫೋನು ನಿಮ್ಮ ಕೈಗೆ ಸಿಗ್ತಿತ್ತು. ಅಮ್ಮಂಗೆ ಮಂಪರು. ಹೆಸರು ಯಾರು ಹಾಕಿದ್ರೋ ಯಾರಿಗೆ ಗೊತ್ತು!”

ಗಂಡ ಹೆಂಡತಿಯ ಪರವಾಗಿ ಒಂದು ಮಾತಾಡಬಹುದಿತ್ತು. ಅವನು ಕಿಟಕಿ ಮುಚ್ಚಲು ಎದ್ದು ಹೋದ.

ನಡೆದದ್ದು ಇಷ್ಟು. ಸೊಸೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅತ್ತೆಗೆ ಕಾಯಿಲೆ ಹೆಚ್ಚಾದ ಮೇಲೆ ರಕ್ತ ತೆಗೆಯಲು ಹೊರಗಿನವರು ಬರುವುದು ಬೇಡವೆಂದು ಅವಳೇ ತೆಗೆದುಕೊಂಡು ಹೋಗುತ್ತಿದ್ದಳು. ಒಂದು ಮಧ್ಯಾಹ್ನ, ಸೂಜಿ ಇನ್ನೂ ತೋಳಿನಲ್ಲಿದ್ದಾಗ, ಅತ್ತೆ ಗೋಡೆಯ ಕಡೆ ನೋಡಿಕೊಂಡೇ, “ನಿನ್ನ ಹೆಸರು ಹಾಕಿದ್ದೀನಿ,” ಎಂದರು.

ಸೊಸೆ ಗಾಬರಿಯಿಂದ ಸೂಜಿ ಅಲುಗಿಸಿದಳು. ವರ್ಷದಲ್ಲಿ ಅದು ಅತ್ತೆ ಅವಳಿಗೆ ನೇರವಾಗಿ ಆಡಿದ ಮೊದಲ ಮಾತು.

“ನೆಟ್ಟಗೆ ಹಿಡ್ಕೊ. ನಾನು ಹೋದ್ಮೇಲೆ ನಿಂಗೊಂದು ಮೆಸೇಜ್ ಬರುತ್ತೆ. ತೆಗೀಬೇಡ. ಬಿಟ್ಬಿಡು. ತಾನಾಗೇ ಅಳಿಸಿ ಹೋಗುತ್ತೆ.”

“ಬೇಡದ್ದಾದ್ರೆ ಈಗ್ಲೇ ಅಳಿಸಿಬಿಡಿ.”

“ನಾನಿರೋವರೆಗೂ ನಂಗೆ ಬೇಕು.”

“ನಿಮ್ಮ ಮಗಳ ಹೆಸರು ಹಾಕಬಹುದಿತ್ತಲ್ಲ.”

“ಅವಳು ಒಂದಕ್ಷರ ಬಿಡದೆ ಓದ್ತಾಳೆ. ಮಗ ಅರ್ಧ ಓದಿ ಅಪ್ಪನ ಹತ್ರ ಹೋಗ್ತಾನೆ. ಅವರಿಗೆಲ್ಲ ನಾನಂದ್ರೆ ಪ್ರೀತಿ, ಸುಮ್ನಿರಲ್ಲ. ನಿಂಗೆ ನನ್ನ ಕಂಡ್ರೆ ಅಷ್ಟಕ್ಕಷ್ಟೆ. ನೀನು ಕೆದಕಲ್ಲ.”

ಸೊಸೆ ಹತ್ತಿ ಒತ್ತಿ ಹಿಡಿದಳು. ಹೊಗಳಿದರೋ ಬೈದರೋ ತಿಳಿಯಲಿಲ್ಲ. “ಸರಿ,” ಎಂದಳು. ಮಾರನೆಯ ದಿನದಿಂದ ಅತ್ತೆ ಮತ್ತೆ ರೇಡಿಯೋ ಮೂಲಕವೇ ನೀರು ಕೇಳಿದರು.

ಇದನ್ನು ಅವಳು ಆ ಭಾನುವಾರ ಸಂಜೆ ಎಲ್ಲರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಹೇಳಿದಷ್ಟೂ ಕಟ್ಟುಕಥೆಯ ಹಾಗೆ ಕೇಳಿಸಿತು.

“ನಂಬೋ ಹಾಗಿದೆಯಾ ಅಣ್ಣ ನೀನೇ ಹೇಳು,” ಎಂದಳು ನಾದಿನಿ.

ರೇಡಿಯೋ ನಡುವೆ ಬಾಯಿ ಹಾಕಿತು. “ನಿಮಗೆ ಅಜ್ಜಿ ದನಿ ಬೇಕಾದ್ರೆ ನನ್ನ ಫೋನಲ್ಲೇ ಇದೆಯಲ್ಲ. ಮಲಗಿದಲ್ಲಿಂದ ಕಳಿಸ್ತಿದ್ರು.” ಅವಳು ಒಂದನ್ನು ಒತ್ತಿದಳು. ಊಟದ ಮೇಜಿನ ನಡುವಿನಿಂದ ಅತ್ತೆ ಮಾತಾಡಿದರು: “ಅವಳಿಗೆ ಹೇಳು, ಹಾಲು ಉಕ್ಕೋ ವಾಸನೆ ಬರ್ತಿದೆ ಅಂತ. ನಾನು ಹೇಳ್ದೆ ಅನ್ಬೇಡ.”

ಮಾವ ನಕ್ಕರು. ನಗು ಅರ್ಧದಲ್ಲೇ ನಿಂತಿತು. ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಇನ್ನೇನಿದೆ?” ಎಂದಳು ನಾದಿನಿ.

“ಎಲ್ಲಾ ಇಂಥದೇ. ಗ್ಯಾಸ್ ಆರಿಸು, ಬಾಗಿಲು ಹಾಕು.”

“ನನ್ನ ವಿಷಯ?”

“ಇಲ್ಲ ಅತ್ತೆ.”

ನಾದಿನಿ ಸೊಸೆಯ ಕಡೆ ತಿರುಗಿದಳು. “ನೋಡಿದ್ರಾ? ಹಾಲಿನ ಮಾತು ನಮಗೆ. ಬಾಕಿ ಎಲ್ಲ ನಿಮ್ಮ ಕೈಲಿ.”

ಮಾರನೆಯ ದಿನ ಮಾವ ಅತ್ತೆಯ ಹಳೇ ಫೋನನ್ನು ಹೊರಗೆ ತೆಗೆದರು. ಬೀದಿ ಮೂಲೆಯಲ್ಲಿ ಅವರದೊಂದು ಕನ್ನಡಕದ ಅಂಗಡಿ. ಮಗನೂ ಅಲ್ಲೇ ಇದ್ದ. ಅತ್ತೆಯೂ ಗಟ್ಟಿಯಿರುವವರೆಗೆ ಅಲ್ಲೇ ಫ್ರೇಮು ತೋರಿಸುತ್ತ ಕೂರುತ್ತಿದ್ದರು. ಫೋನಿನ ಬೀಗ ಬಿಚ್ಚಲಾಗದೆ ಅಂಗಡಿಯ ಡ್ರಾಯರಿನಲ್ಲಿ ಬಿಟ್ಟಿದ್ದರು. ಈಗ ಚಾರ್ಜಿಗೆ ಹಾಕಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಪ್ಪ ಮಗ ಇಬ್ಬರೂ ಅಂಕಿ ಒತ್ತತೊಡಗಿದರು. ಮೂರು ಸಲ ತಪ್ಪಾದರೆ ಅದು ಗಂಟೆಗಟ್ಟಲೆ ಮುನಿಸಿಕೊಳ್ಳುತ್ತಿತ್ತು. ಸಂಜೆ ಮನೆಗೆ ತಂದ ಮೇಲೂ ಬಿಡಲಿಲ್ಲ, ನಾದಿನಿಗೂ ಸರದಿ ಬಂತು. ಪ್ರತಿಯೊಬ್ಬರೂ ಒತ್ತುವಾಗ ಫೋನನ್ನು ಎದೆಗೆ ಆನಿಸಿಕೊಂಡು, ಉಳಿದವರಿಗೆ ಬೆನ್ನು ತಿರುಗಿಸುತ್ತಿದ್ದರು.

ಆ ಬೆನ್ನುಗಳ ಹಿಂದೆ ರೇಡಿಯೋ ನಿಂತಿದ್ದಳು. ಊಟಕ್ಕೆ ಕೂತಾಗ ವರದಿ ಬಂತು. “ತಾತ ತಾತನ ಹುಟ್ಟಿದ ದಿನ ಹಾಕಿದ್ರು. ಅಪ್ಪ ಅಪ್ಪಂದೇ ಹಾಕಿದ್ರು. ಅತ್ತೆ ಅತ್ತೇದು. ಯಾರದ್ದೂ ಅಲ್ಲ!”

ಮಾವ ಮುಖ ಕೆಂಪಗೆ ಮಾಡಿಕೊಂಡರು. ಗಂಡ, “ಊಟ ಮಾಡೇ ಸುಮ್ನೆ,” ಎಂದು ಗದರಿದ. ಆ ರಾತ್ರಿ ಮೂವರಲ್ಲಿ ಯಾರೂ ಇನ್ನೊಬ್ಬರ ಮುಖ ನೋಡಲಿಲ್ಲ. ಹಾಗಾದರೆ ಅಮ್ಮ ಹಾಕಿದ್ದು ಯಾರ ದಿನ ಎಂಬ ಅನುಮಾನ ಮಾತ್ರ ಎಲ್ಲರ ತಟ್ಟೆಯ ಪಕ್ಕದಲ್ಲೂ ಇತ್ತು.

ಒಂದು ವಾರ ಹೀಗೇ ಕಳೆಯಿತು. ಮಧ್ಯಾಹ್ನದ ಬಿಡುವಿನಲ್ಲಿ ಗಂಡ ತಂಗಿಯ ಅಂಗಡಿಗೆ ಹೋದ. ನೇತುಹಾಕಿದ ಕೋಟುಗಳ ಹಿಂದೆ ಇಬ್ಬರೂ ನಿಂತು ಬ್ರೆಡ್ಡು ತಿಂದರು.

“ನಿನ್ನ ಹೆಂಡ್ತಿ ದಿನ ತಳ್ತಿದ್ದಾಳೆ ಅಣ್ಣ. ತಿಂಗಳು ಮುಗಿದ್ರೆ ಅವಳು ಗೆದ್ದಳು.”

“ಅವಳಿಗೇನು ಲಾಭ?”

“ಅಮ್ಮ ಅವಳ ಬಗ್ಗೆ ಏನೇನು ಹೇಳಿದ್ದಾರೋ! ಅದೆಲ್ಲ ಹೊರಗೆ ಬರೋದು ಅವಳಿಗೆ ಬೇಕಾ? ಅವಳ ಫೋನಿನ ಬೀಗ ನಿಂಗೆ ಗೊತ್ತಲ್ಲ.”

“ಗೊತ್ತು.”

“ಮತ್ತೆ?”

ಮಾರನೆಯ ಬೆಳಗ್ಗೆ ಹೆಂಡತಿ ಸ್ನಾನಕ್ಕೆ ಹೋದಾಗ ಅವನು ಅವಳ ಫೋನು ತೆಗೆದ. ಸಂದೇಶದವರೆಗೆ ತಲುಪಿದ. ಅಲ್ಲಿಂದ ಮುಂದಕ್ಕೆ ಅದು ಅವಳೊಬ್ಬಳಿಗೇ ಗೊತ್ತಿರುವ ಇನ್ನೊಂದು ಗುಪ್ತಪದ ಕೇಳಿತು. ಮದುವೆಯ ದಿನ ಒತ್ತಿದ, ಆಗಲಿಲ್ಲ. ಮಗಳ ಹೆಸರು, ಆಗಲಿಲ್ಲ. ನೀರಿನ ಸದ್ದು ನಿಂತಾಗ ಫೋನನ್ನು ಇದ್ದಲ್ಲೇ ಇಟ್ಟ.

ತಲೆ ಒರೆಸಿಕೊಳ್ಳುತ್ತ ಬಂದವಳಿಗೆ ಫೋನೇ ದೂರು ಹೇಳಿತು: ನಿಮ್ಮ ಖಾತೆಗೆ ಯಾರೋ ಪ್ರವೇಶಿಸಲು ಯತ್ನಿಸಿದ್ದಾರೆ.

“ರೀ, ಯಾರೋ ಅಂತೆ,” ಎಂದಳು.

ಅವನು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. “ಯಾರಿರಬಹುದು?” ಎಂದ.

ಅವತ್ತಿನಿಂದ ಅವಳು ಬಚ್ಚಲಿಗೂ ಫೋನು ಒಯ್ಯತೊಡಗಿದಳು. ಅದು ಇನ್ನೊಂದು ಅನುಮಾನಕ್ಕೆ ದಾರಿಯಾಯಿತು. ಒಳಗೆ ಏನು ನೋಡುತ್ತಾಳೆ? ಯಾಕೆ ಇಷ್ಟು ಹೊತ್ತು? ಮಾವ ಮಧ್ಯಾಹ್ನ ಮನೆಗೆ ಊಟಕ್ಕೆ ಬರುವುದನ್ನೇ ಬಿಟ್ಟರು. ಗಂಡ ಮಾತಾಡುತ್ತಿದ್ದ, ಆದರೆ ಅವನ ಕಣ್ಣು ಅವಳ ಕೈಮೇಲಿರುತ್ತಿತ್ತು.

ಅನುಮಾನ ಅಂಟುಜಾಡ್ಯದ ಹಾಗೆ. ಎರಡು ವಾರ ಎಲ್ಲರೂ ಅದನ್ನೇ ಉಸಿರಾಡಿದ ಮೇಲೆ ಸೊಸೆಗೂ ಹತ್ತಿಕೊಂಡಿತು. ಅತ್ತೆ ಅಲ್ಲಿ ನನ್ನ ಬಗ್ಗೆ ಏನು ಬಿಟ್ಟಿದ್ದಾರೆ? ‘ನೀನು ಕೆದಕಲ್ಲ’ ಎಂದದ್ದು ನಂಬಿಕೆಯೋ, ನನ್ನ ಬಾಯಿ ಕಟ್ಟುವ ಉಪಾಯವೋ? ಲ್ಯಾಬಿನಲ್ಲಿ ರಕ್ತದ ಕೊಳವೆಗಳಿಗೆ ಚೀಟಿ ಅಂಟಿಸುತ್ತ ಒಂದು ಚೀಟಿ ತಲೆಕೆಳಗಾಗಿ ಅಂಟಿಸಿದಳು. ಜೊತೆಯವಳು ಕಿತ್ತು ಸರಿ ಮಾಡಿದಳು. ಊಟದ ಬಿಡುವಿನಲ್ಲಿ ಸೊಸೆ ಸಾಮಾನು ಕೋಣೆಗೆ ಹೋಗಿ, ಕೈಗವಸಿನ ಪೆಟ್ಟಿಗೆಗಳ ನಡುವೆ ಕೂತು, ಸಂದೇಶ ಬಿಚ್ಚಿ, ತನ್ನ ಗುಪ್ತಪದ ಒತ್ತಿದಳು. ಬಾಗಿಲು ತೆರೆಯಿತು. ಫೋಟೋ, ಬರಹ, ಧ್ವನಿ ಎಂದು ಮೂರು ಚೌಕ. ಧ್ವನಿಯ ಚೌಕದ ಮೇಲಿನ ಸಂಖ್ಯೆ ನೋಡಿ ಅವಳಿಗೆ ಆಶ್ಚರ್ಯವಾಯಿತು. ತನ್ನ ಜೊತೆ ಮಾತೇ ಆಡದ ಹೆಂಗಸು ಅಷ್ಟು ಮಾತನ್ನು ಎಲ್ಲೋ ಆಡಿದ್ದರು.

ಹೆಬ್ಬೆರಳು ಚೌಕದ ಮೇಲೆ ಹೋಯಿತು. ಹೊರಗೆ ಯಾರೋ ಅವಳನ್ನು ಕರೆದರು. ಅವಳು ಮುಚ್ಚಿಬಿಟ್ಟಳು.

ಸಂಜೆ ಮನೆಗೆ ಬಂದರೆ ಮೂವರೂ ನಡುಮನೆಯಲ್ಲಿ ಕಾದು ಕೂತಿದ್ದರು. ಕನ್ನಡಕದ ಅಂಗಡಿಯ ಕಂಪ್ಯೂಟರಿನಲ್ಲಿ ಸೊಸೆಯ ಖಾತೆ ತೆರೆದೇ ಇತ್ತು. ಯಾವತ್ತೋ ಬಿಲ್ಲು ಕಳಿಸಲು ತೆರೆದದ್ದು. ಅವಳು ಅತ್ತೆಯ ಖಾತೆಗೆ ಪ್ರವೇಶಿಸಿದ ಸೂಚನೆ ಅಲ್ಲಿಗೂ ಹೋಗಿತ್ತು.

“ಮಧ್ಯಾಹ್ನ ಒಳಗೆ ಹೋಗಿದ್ದೀಯ,” ಎಂದ ಗಂಡ.

“ಬಾಗಿಲವರೆಗೆ ಹೋದೆ. ಒಳಗೆ ಹೋಗ್ಲಿಲ್ಲ.”

“ಬಾಗಿಲು ತೆಗೆದೋರು ಒಳಗೆ ಹೋಗದೆ ಬರ್ತಾರಾ?” ಎಂದಳು ನಾದಿನಿ. “ಮಾತು ಕೊಟ್ಟಿದ್ದೀನಿ, ಮಾತು ಕೊಟ್ಟಿದ್ದೀನಿ ಅಂತ ನಮ್ಮ ಬಾಯಿ ಮುಚ್ಚಿಸಿ ನೀವೊಬ್ರೇ ಕೂತು ಕೇಳಿದ್ರಲ್ಲ!”

“ಏನೂ ಕೇಳ್ಲಿಲ್ಲ ಅಂತಿದ್ದೀನಲ್ಲ.”

“ಅಮ್ಮ ನನ್ನ ಬಗ್ಗೆ ಏನಂದಿದ್ದಾರೆ? ಅಷ್ಟು ಹೇಳಿ ಸಾಕು.”

“ಗೊತ್ತಿಲ್ಲ ಕಣೇ!”

ಸೊಸೆ ದನಿ ಎತ್ತಿದ್ದು ಅದೇ ಮೊದಲು. ಎತ್ತಿದ್ದರಿಂದ ಅಪರಾಧ ಇನ್ನಷ್ಟು ಗಟ್ಟಿಯಾದ ಹಾಗಾಯಿತು. ಮಾವ ಎದ್ದು ಕೋಣೆಗೆ ಹೋದರು.

ಎರಡು ದಿನ ಬಿಟ್ಟು ಅವಳು ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋದಳು. ಗಂಡ ಗಾಜು ಕತ್ತರಿಸುವವರ ಹತ್ತಿರ ಹೋಗಿದ್ದ. ಮಾವ ಯಾರದೋ ಕನ್ನಡಕದ ಕಾಲಿಗೆ ತಿರುಪು ಕೂರಿಸುತ್ತಿದ್ದರು.

“ಬಾಗಿಲು ಎಳ್ಕೊಮ್ಮ,” ಎಂದರು. ಅವಳು ಎಳೆದುಕೊಂಡಳು. ಅವರು ತಲೆ ಎತ್ತಲಿಲ್ಲ. “ಗುರುವಾರದ ವಿಷಯ ಏನಾದ್ರೂ ಇತ್ತಾ ಅದ್ರಲ್ಲಿ?”

“ಯಾವ ಗುರುವಾರ ಮಾವ?”

“ಗುರುವಾರ ಗುರುವಾರ ಮಧ್ಯಾಹ್ನ ಫ್ರೇಮು ಆರಿಸೋಕೆ ಹೋಲ್‌ಸೇಲ್ ಡಿಪೋಗೆ ಹೋಗ್ತೀನಿ ಅಂತ ಹೋಗೋಳು. ಸುಮಾರು ವರ್ಷ. ಅವಳು ತೀರಿಕೊಂಡಾಗ ಡಿಪೋ ಯಜಮಾನರು ಬಂದಿದ್ರಲ್ಲ, ‘ನಿಮ್ಮ ಮನೆಯವರ ದನಿ ಫೋನಲ್ಲಿ ಕೇಳಿದ್ದೆ, ಮುಖ ಇವತ್ತೇ ನೋಡಿದ್ದು’ ಅಂದ್ರು. ಫೋನಲ್ಲೇ ಆರಿಸ್ತಿದ್ಲಂತೆ.” ತಿರುಪು ಕೈ ಜಾರಿ ಗಾಜಿನ ಮೇಜಿನ ಮೇಲೆ ಉರುಳಿತು. “ಅವತ್ತಿಂದ ತಲೇಲಿ ಹುಳ ಬಿಟ್ಟ ಹಾಗಾಗಿದೆ. ಎಲ್ಲಿಗೆ ಹೋಗ್ತಿದ್ಲು?”

“ನಂಗೆ ನಿಜವಾಗ್ಲೂ ಗೊತ್ತಿಲ್ಲ.”

“ನೋಡಿದ್ದೀಯ ಅಂದ ಮಗ.”

“ನೋಡಿಲ್ಲ. ಬೇಕಾದ್ರೆ ಇಲ್ಲೇ ತೆಗೆದುಕೊಡ್ತೀನಿ. ನೀವೊಬ್ರೇ ನೋಡಿ. ಮಾತು ತಪ್ಪಿದ ಪಾಪ ನನಗಿರಲಿ.”

ಮಾವ ತಿರುಪನ್ನು ಹುಡುಕುತ್ತಲೇ ಇದ್ದರು. ಹೊರಗೆ ಗಿರಾಕಿಯೊಬ್ಬರು ಗಾಜಿಗೆ ಮುಖ ಒತ್ತಿ ಒಳಗೆ ಇಣುಕಿದರು.

“ನಾನು ಕೇಳಿದ್ದು ಯಾರಿಗೂ ಹೇಳ್ಬೇಡ,” ಎಂದು ಅವರು ಎದ್ದರು.

“ಹೇಳಲ್ಲ,” ಎಂದಳು. ಡಬ್ಬಿ ಇಟ್ಟು ಹೊರಗೆ ಬಂದಾಗ ಅವಳ ತಲೆಯ ಮೇಲೆ ಒಂದರ ಜೊತೆ ಇನ್ನೊಂದು ಮಾತು ಕೂತಿತ್ತು.

ತಿಂಗಳು ಮುಗಿಯುವ ಮುಂಚಿನ ಭಾನುವಾರ ಅವಳೇ ನಾದಿನಿಯನ್ನು ಊಟಕ್ಕೆ ಕರೆದಳು. ಎಲ್ಲರೂ ಉಂಡ ಮೇಲೆ, ತಟ್ಟೆ ಎತ್ತದೆ, ಫೋನು ತೆಗೆದು ಬಾಗಿಲು ತೆರೆದು ಮೇಜಿನ ನಡುವೆ ಇಟ್ಟಳು. ಮೂರು ಚೌಕಗಳೂ ಎಲ್ಲರಿಗೂ ಕಾಣುತ್ತಿದ್ದವು.

“ನಾನು ಮಾತು ಕೊಟ್ಟಿದ್ದೀನಿ, ನಾನು ಮುಟ್ಟಲ್ಲ. ನೀವ್ಯಾರೂ ಕೊಟ್ಟಿಲ್ಲ. ಬೇಕಾದೋರು ತೆಗೀರಿ. ಆದ್ರೆ ಕೋಣೆಗೆ ಒಯ್ದು ಒಬ್ಬೊಬ್ರೇ ನೋಡೋ ಹಾಗಿಲ್ಲ. ಇಲ್ಲೇ ಕೂತು, ಮೊದಲಿಂದ ಕೊನೆವರೆಗೆ, ಎಲ್ರಿಗೂ ಕೇಳೋ ಹಾಗೆ ಗಟ್ಟಿಯಾಗಿ. ನನ್ನ ಬೈದಿದ್ರೆ ಅದನ್ನೂ ಓದಿ. ಆಮೇಲೆ ಅವರು ಹೀಗಂದ್ರು ಹಾಗಂದ್ರು ಅನ್ನೋ ಮಾತು ಈ ಮನೇಲಿ ಬೇಡ.”

ಗಂಡ ಕೆಮ್ಮಿದ. “ಎಲ್ಲಾ ಯಾಕೆ? ಫೋಟೋ ಅಷ್ಟೇ ಇಳಿಸಿಕೊಂಡ್ರೆ ಸಾಕಪ್ಪ.”

“ಯಾಕಣ್ಣ, ಭಯನಾ?” ಎಂದಳು ನಾದಿನಿ.

“ಭಯ ಯಾಕೆ?”

“ಅಮ್ಮ ಸ್ವಲ್ಪ ಹೊತ್ತು ಕೂತ್ಕೊ ಬಾ ಅಂದಾಗೆಲ್ಲ ‘ನಾಳೆ’ ‘ನಾಳೆ’ ಅಂತಿದ್ದೆಯಲ್ಲ, ಅದು ಬರುತ್ತೆ ಅಂತ.”

“ಓಹೋ! ನೀನು ಅಮ್ಮನ ಫೋನು ಎತ್ತದೆ ಇದ್ದಿದ್ದು ಬರಲ್ವಾ?”

“ಬರ್ಲಿ.” ನಾದಿನಿಯ ಮುಖ ಕಪ್ಪಿಟ್ಟಿತು, ಆದರೆ ಕೈ ಫೋನಿನ ಕಡೆ ಹೋಯಿತು. “ಎಷ್ಟು ಸಲ ಎತ್ತಲಿಲ್ಲ ಅಂತ ನಂಗೇ ಗೊತ್ತು. ಬರ್ಲಿ, ಅದನ್ನೂ ಓದ್ತೀನಿ. ನಿಮ್ಮೆಲ್ಲರ ಮುಂದೇನೇ ಓದ್ತೀನಿ. ಅಮ್ಮ ನನ್ನ ಹೆಸರು ಹಿಡಿದು ಬೈದಿದ್ರೂ ಪರವಾಗಿಲ್ಲ, ನನ್ನ ಹೆಸರು ಅವರ ಬಾಯಲ್ಲಿ ಕೇಳಿದ್ರೆ ಸಾಕು.”

ಅವಳು ಫೋನು ಎತ್ತಿಕೊಂಡು ಧ್ವನಿಯ ಚೌಕಕ್ಕೆ ಬೆರಳು ತಂದಳು.

“ಬೇಡ,” ಎಂದರು ಮಾವ.

“ಏನಪ್ಪ?”

“ಇಡು ಕೆಳಗೆ. ಅವಳು ಬೇಡ ಅಂದಿದ್ದಾಳೆ ಅಂದ್ಮೇಲೆ ಬೇಡ.”

“ಒಂದು ತಿಂಗಳಿಂದ ಅತ್ತಿಗೆ ಸುಳ್ಳು ಹೇಳ್ತಾಳೆ ಅಂತಿದ್ರಿ. ಈಗ ನಿಜ ಆಯ್ತಾ?”

ಮಾವ ಎಂಜಲು ಕೈಯಲ್ಲೇ ಫೋನು ಕಿತ್ತುಕೊಂಡು ಸೊಸೆಯ ಕೈಗೆ ತುರುಕಿದರು. ನಾದಿನಿ ಅಪ್ಪನನ್ನು ನೋಡಿದಳು, ಅಣ್ಣನನ್ನು ನೋಡಿದಳು, ಅವನು ಉಪ್ಪಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ. ಕೊನೆಗೆ ಸೊಸೆಯ ಮೇಲೆ ಅವಳ ಕಣ್ಣು ನಿಂತಿತು.

“ಅಪ್ಪ ಯಾಕೆ ಬೇಡ ಅಂತಾರೆ ಅಂತ ನಿಮಗೆ ಗೊತ್ತು, ಅಲ್ವಾ?”

ಸೊಸೆ ತಟ್ಟೆಗಳನ್ನು ಒಂದರ ಮೇಲೊಂದು ಇಡತೊಡಗಿದಳು.

“ಗೊತ್ತು ನಿಮಗೆ,” ಎಂದು ನಾದಿನಿ ಎದ್ದಳು. ಅಪ್ಪನಿಗೂ ಹೇಳದೆ ಹೊರಟುಹೋದಳು.

ಆ ವಾರದ ನಡುವೆ ಒಂದು ಬೆಳಗ್ಗೆ, ಸೊಸೆ ಕೆಲಸಕ್ಕೆ ಹೊರಡುವಾಗ, ಎಲ್ಲವೂ ಅಳಿಸಿದೆ ಎಂಬ ಎರಡು ಸಾಲು ಬಂತು. ಅವಳು ಅದನ್ನು ಮಾವನಿಗೆ ತೋರಿಸಿದಳು. ಅವರು ಕನ್ನಡಕ ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ ಓದಿದರು.

“ನೀನು ನಿಜವಾಗ್ಲೂ ಏನೂ ನೋಡ್ಲಿಲ್ವಾ?”

“ಇಲ್ಲ ಮಾವ.”

“ಆಯ್ತು,” ಎಂದರು. ನಂಬಿದರೋ ಇಲ್ಲವೋ ಅವರ ಮುಖದಿಂದ ತಿಳಿಯಲಿಲ್ಲ. ಆದರೆ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರು. ಮೂರನೆಯ ದಿನ ಬಡಿಸುತ್ತಿದ್ದವಳನ್ನು ತಡೆದು, ಮೆಲ್ಲಗೆ, “ಗುರುವಾರದ್ದು?” ಎಂದು ಮತ್ತೆ ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರು ಅನ್ನ ಕಲಸಿದರು.

ನಾದಿನಿ ಬರಲೇ ಇಲ್ಲ. ರೇಡಿಯೋ ಅವಳ ಅಂಗಡಿಗೆ ಹೋಗಿ ಬಂದು, “ಅತ್ತೆಗೆ ಈಗ ಅಮ್ಮನ ಮೇಲಲ್ಲ, ತಾತನ ಮೇಲೆ ಕೋಪ. ಅಪ್ಪನ ಮೇಲೂ. ಅಮ್ಮನ ಮೇಲೆ ಸ್ವಲ್ಪ ಕಮ್ಮಿ,” ಎಂದು ವರದಿ ಕೊಟ್ಟಳು.

ರಜೆಯ ಒಂದು ಸಂಜೆ ಸೊಸೆ ನಡುಮನೆಯಲ್ಲಿ ಕೂತು ತನ್ನ ಖಾತೆ ಬಿಚ್ಚಿದಳು. ಅತ್ತೆ ಹಾಸಿಗೆಯಲ್ಲಿ ಮಲಗಿ ತಾವೇ ಹುಡುಕಿಕೊಂಡಿದ್ದ ಪುಟವನ್ನು ಹುಡುಕಲು ಅವಳಿಗೆ ತುಂಬ ಹೊತ್ತೇ ಹಿಡಿಯಿತು. ನಿಮ್ಮ ನಂತರ ಯಾರು ಎಂದು ಅದು ಕೇಳಿತು. ಅವಳು ಸ್ವಲ್ಪ ಯೋಚಿಸಿ ಒಂದು ಹೆಸರು ಹಾಕಿದಳು.

ಗಂಡ ಹಿಂದೆ ಬಂದು ನಿಂತಿದ್ದ. “ಏನ್ ಮಾಡ್ತಿದ್ದೀಯ?”

“ನಂದೂ ಬರೆದಿಡ್ತಿದ್ದೀನಿ.”

“ಯಾರ ಹೆಸರು ಹಾಕ್ದೆ?”

“ಒಬ್ಬರದು.”

“ನಂದಾ?”

“ಅಲ್ಲ.”

ಅವನು ಬಗ್ಗಿ ನೋಡಿದ. ಅವಳು ಫೋನನ್ನು ಮಡಿಲಿಗೆ ಮಗುಚಿದಳು. ಅದು ಅಷ್ಟರಲ್ಲೇ ಹೊಡೆದುಕೊಂಡಿತು. ಅವಳು ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಅತ್ತ ಕಡೆಯಿಂದ ಇಸ್ತ್ರಿ ಯಂತ್ರದ ಉಸಿರು, ಅದರ ನಡುವೆ ನಾದಿನಿಯ ದನಿ.

“ಅತ್ತಿಗೆ, ನಂಗೇನೋ ಬಂದಿದೆ. ನಿಮ್ಮ ಹೆಸರಲ್ಲಿ. ನೀವು ಚೆನ್ನಾಗಿದ್ದೀರ ತಾನೇ?”

“ಚೆನ್ನಾಗಿದ್ದೀನಿ. ನಿನ್ನ ಹೆಸರು ಹಾಕಿದ್ದೀನಿ, ಅಷ್ಟೆ.”

“ನಂದ್ಯಾಕೆ? ಅಣ್ಣ ಇಲ್ವಾ?”

“ಅವತ್ತು ಎಲ್ರ ಮುಂದೆ ಗಟ್ಟಿಯಾಗಿ ಓದ್ತೀನಿ ಅಂತ ಫೋನಿಗೆ ಕೈ ಹಾಕ್ದೋಳು ನೀನೊಬ್ಬಳೇ.”

ಯಂತ್ರ ಒಂದು ಸಲ ಬುಸ್ ಎಂದು ಆವಿ ಬಿಟ್ಟಿತು. ನಾದಿನಿ ಮೂಗು ಸೀಟಿಕೊಂಡ ಸದ್ದು ಕೇಳಿಸಿತು. ಆಮೇಲೆ ಅವಳು ದನಿ ತಗ್ಗಿಸಿ ಕೇಳಿದಳು:

“ಅದರಲ್ಲಿ ನನ್ನ ಬಗ್ಗೆ ಏನಾದ್ರೂ ಬರೆದಿದ್ದೀರಾ?”

“ಇನ್ನೂ ಇಲ್ಲ,” ಎಂದಳು ಸೊಸೆ.